ಏಳನೆಯ ನದಿ: ಚಿಕ್ಕಬಳ್ಳಾಪುರ ಸೀಮೆಯ ವಿದ್ಯಾರ್ಥಿಗಳ ಸಾಗರಗಮನ ಮತ್ತು ವಿರಾಮದ ಬಗ್ಗೆ ಒಂದು ಶಾಸ್ತ್ರೀಯ ವಿಚಾರಣೆ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹುಟ್ಟಿದ್ದು ಜಿಲ್ಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಈ ಪ್ರಬಂಧದ ಮೊದಲ ಸೂತ್ರ. ಆಧಾರ ಬೇಕೆನ್ನುವವರು ನದಿಗಳನ್ನು ನೋಡಬಹುದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿಗೆ ಮುಖ ತೋರಿಸಿ, ಆಂಧ್ರ ಹೊಕ್ಕು, ಒಟ್ಟು 597 ಕಿ.ಮೀ. ಸವೆಸಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿಯದು ಕಡಲೂರಿನ ದಾರಿ. ಚಿಂತಾಮಣಿ ತಾಲ್ಲೂಕಿನ ತಲಗವಾರದ ಪಾಲಾರ್ ಚೆನ್ನೈಗೆ ದಕ್ಷಿಣದಲ್ಲಿ ಕಡಲಿಗಿಳಿಯುತ್ತದೆ. ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿಗಳು ದೊಡ್ಡ ನದಿಗಳ ಬೆನ್ನೇರಿ ಅದೇ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಒಟ್ಟು ಆರು. ತವರಿನಲ್ಲಿ ಬರೀ ಮರಳು ತೋರಿಸುವ ಈ ಆರಕ್ಕೂ ಕಡಲೂರುಗಳಲ್ಲಿ ಮಾತ್ರ ಒಳ್ಳೆಯ ಹೆಸರು.

ಏಳನೆಯದು ವಿದ್ಯಾರ್ಥಿ.

ಇಲ್ಲಿ ಪೂರ್ವಪಕ್ಷವೊಂದಿದೆ: ವಿದ್ಯಾರ್ಥಿ ಹೋಗುವುದು ಓದಲಿಕ್ಕೆ, ಸಮುದ್ರಕ್ಕಲ್ಲ. ಇದಕ್ಕೆ ಉತ್ತರ ಗೌರಿಬಿದನೂರಿನಲ್ಲೇ ಸಿಗುತ್ತದೆ. ಆ ತಾಲ್ಲೂಕಿನ ಹೊಸೂರಿನಿಂದ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಓದಲು ಹೋದ ಎಚ್. ನರಸಿಂಹಯ್ಯ (ಎಚ್ಚೆನ್) ಮುಂದೆ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. ಆ ವಿಶ್ವವಿದ್ಯಾಲಯದ ಊರಿಗೆ ಸಮುದ್ರವಿಲ್ಲ. ಆದ್ದರಿಂದಲೇ ಅವರು ಹಿಂತಿರುಗಿ ಬಂದರು, ಕುಲಪತಿಯಾದರು, ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದರು. ಒಂದೇ ಉದಾಹರಣೆ ಹಿಡಿದು ಸಿದ್ಧಾಂತ ಕಟ್ಟಬಾರದು ಎನ್ನುವವರಿದ್ದಾರೆ; ಇದಕ್ಕಿಂತ ಕಡಿಮೆ ಆಧಾರದ ಮೇಲೆ ನಿಂತ ಮಹಾಪ್ರಬಂಧಗಳನ್ನು ಅವರು ಓದಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಜೀವಮಾನವಿಡೀ ಹೇಳಿದ ಎಚ್ಚೆನ್ ಮಾತ್ರ ಈ ಪ್ಯಾರಾವನ್ನು ಹರಿದು ಕೈಗೆ ಕೊಡುತ್ತಿದ್ದರು.

ಪರದೇಶದ ಕಡಲೂರಿಗೆ ಹೋದ ಜಿಲ್ಲೆಯವರಲ್ಲಿ ಪ್ರಸಿದ್ಧರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. 1906ರಲ್ಲಿ ಅವರನ್ನು ಏಡನ್ ಬಂದರಿಗೆ ಕಳಿಸಿದ್ದು ಕುಡಿಯುವ ನೀರು ಮತ್ತು ಚರಂಡಿಯ ವ್ಯವಸ್ಥೆ ನೋಡಲು. ಸುತ್ತ ಸಮುದ್ರ, ಕುಡಿಯಲು ನೀರಿಗೆ ತತ್ವಾರ. ಇಂಥ ಕೆಲಸಕ್ಕೆ ನಮ್ಮ ಜಿಲ್ಲೆಯವರಿಗಿಂತ ಅರ್ಹರು ಸಿಗುವುದು ಕಷ್ಟ.

ಇನ್ನು ವರ್ತಮಾನ. ಕಡಲೂರುಗಳು ನೂರಿದ್ದರೂ ಈ ವಿಚಾರಣೆ ಜೀಲಾಂಗ್ ಒಂದಕ್ಕೆ ಸೀಮಿತ. ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಸುಮಾರು 75 ಕಿ.ಮೀ. ದೂರದಲ್ಲಿ, ಕೊರಿಯೋ ಕೊಲ್ಲಿಯ ದಂಡೆಯಲ್ಲಿರುವ ಊರು ಇದು. ಇಲ್ಲಿನ ಡೀಕಿನ್ ವಿಶ್ವವಿದ್ಯಾಲಯದ ಕಡಲಂಚಿನ ಕ್ಯಾಂಪಸ್ ಇರುವುದು ಹಳೆಯ ಉಣ್ಣೆ ಗೋದಾಮಿನಲ್ಲಿ. ರೇಷ್ಮೆಗೂಡಿನ ಮಾರುಕಟ್ಟೆಯ ಶಿಡ್ಲಘಟ್ಟದಿಂದ ಹೊರಟ ಹುಡುಗ ಉಣ್ಣೆಯ ಗೋದಾಮಿನಲ್ಲಿ ಪದವಿಗೆ ಓದುತ್ತಾನೆ. ಮೂಟೆ ಬೇರೆ, ಉಗ್ರಾಣ ಅದೇ.

ಇಲ್ಲೊಂದು ಸ್ವಾರಸ್ಯವಿದೆ. ಈ ವಿಶ್ವವಿದ್ಯಾಲಯಕ್ಕೆ ಹೆಸರಾದ ಆಲ್ಫ್ರೆಡ್ ಡೀಕಿನ್ ಆಸ್ಟ್ರೇಲಿಯಾದ ಎರಡನೆಯ ಪ್ರಧಾನಿ. ಅದಕ್ಕೂ ಮೊದಲು, 1890ರ ಕೊನೆಯಲ್ಲಿ, ಆತ ಹಡಗು ಹತ್ತಿ ಭಾರತಕ್ಕೆ ಬಂದಿದ್ದ. ಬಂದದ್ದು ನೀರಾವರಿ ನೋಡಿ ಕಲಿಯಲು. 1893ರಲ್ಲಿ ‘ಇರಿಗೇಟೆಡ್ ಇಂಡಿಯಾ’ ಎಂಬ ಪುಸ್ತಕವನ್ನೂ ಬರೆದ. ನೀರಿನ ವಿದ್ಯೆ ಹುಡುಕಿ ಆತ ಇತ್ತ ಬಂದ; ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳೆದ್ದ ಮನೆಯ ಹುಡುಗ ಈಗ ಅತ್ತ ಹೋಗುತ್ತಾನೆ. ಸಾಲ ತೀರಿತೋ ಬಡ್ಡಿ ಬೆಳೆಯಿತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ವಿದ್ಯಾರ್ಥಿಯ ಬೆಳವಣಿಗೆಗೆ ವಿದೇಶಿ ಮನಶ್ಶಾಸ್ತ್ರದ ಪರಿಭಾಷೆ ಸಾಲದು, ಶಿಡ್ಲಘಟ್ಟದ ಪರಿಭಾಷೆಯೇ ಬೇಕು. ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಹೋದ ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಜೀಲಾಂಗ್‌ನ ಬಾಡಿಗೆ ಮನೆಯಲ್ಲಿ ಮೊದಲ ವಾರ ಮೊಬೈಲ್ ಹಿಡಿದು ಕೂತವನ ಭಂಗಿಯೂ ಇದೇ; ಅದು ಮೊದಲ ಜ್ವರ. ವಿಮಾನ ನಿಲ್ದಾಣದಲ್ಲಿ ಅವನು ಸಾಂಬಾರು ಪುಡಿ, ರಾಗಿಹಿಟ್ಟು, ಮುದ್ದೆ ತಿರುವುವ ಕೋಲು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಒಪ್ಪಿಸಿ ಬಂದಿರುತ್ತಾನೆ; ತಿನ್ನುವ ವಸ್ತುವನ್ನೂ ಮರದ ಸಾಮಾನನ್ನೂ ಮುಚ್ಚಿಟ್ಟರೆ ಆ ದೇಶದಲ್ಲಿ ದಂಡ. ಕೋಲನ್ನು ತಿರುಗಿಸಿ ಮುರುಗಿಸಿ ನೋಡಿದ ಅಧಿಕಾರಿಗೆ ಅದು ಅಡುಗೆಯ ಸಾಮಾನು ಎಂದು ನಂಬಿಸುವುದೇ ಅವನ ಮೊದಲ ಮೌಖಿಕ ಪರೀಕ್ಷೆ.

ಎರಡನೆಯದು ಡಾಲರ್ ಜ್ವರ. 2024ರ ಮೇ ತಿಂಗಳಿಂದ ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವೆಂದು 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕಾಗಿದೆ. ಇದು ಎಷ್ಟು ಬೆಳೆ ಗೂಡು ಎಂದು ಅಪ್ಪ ಹರಾಜು ಕಟ್ಟೆಯಲ್ಲೇ ಲೆಕ್ಕ ಹಾಕಿರುತ್ತಾನೆ. ಆ ಲೆಕ್ಕ ಮಗನ ತಲೆಯಿಂದ ಇಳಿಯುವುದಿಲ್ಲ. ಕಾಫಿ ಕಂಡರೆ ಅರ್ಧ ಕೆ.ಜಿ. ಗೂಡು ಕಾಣುತ್ತದೆ, ಕಾಫಿ ಬೇಡವಾಗುತ್ತದೆ. ಮೂರನೆಯದು ಶಿಫ್ಟ್ ಜ್ವರ: ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ಗೋದಾಮು, ಪೆಟ್ರೋಲ್ ಬಂಕ್, ಊಟದ ಡೆಲಿವರಿ. ಉಳಿದ ಗಂಟೆಗಳಿಗೇ ವಿರಾಮ ಎಂದು ಹೆಸರು. ಅದನ್ನು ನಾಲ್ಕನೆಯ ಜ್ವರವಾದ ಅಸೈನ್‌ಮೆಂಟ್ ತಿಂದುಹಾಕುತ್ತದೆ.

ನಾಲ್ಕೂ ಜ್ವರ ಎದ್ದವನು ಒಂದು ಭಾನುವಾರ ಸಮುದ್ರಕ್ಕೆ ಹೋಗುತ್ತಾನೆ. ಕೊರಿಯೋ ಕೊಲ್ಲಿಯಲ್ಲಿ ಅಲೆಯ ಅಬ್ಬರವಿಲ್ಲ, ತುಂಬಿದ ಕೆರೆಯಂತೆ ಸುಮ್ಮನಿರುತ್ತದೆ. ದಂಡೆಯುದ್ದಕ್ಕೂ ನೂರಕ್ಕೂ ಹೆಚ್ಚು ಬಣ್ಣದ ಮರದ ಗೊಂಬೆಗಳು ನಿಂತಿವೆ. ಜ್ಯಾನ್ ಮಿಚೆಲ್ ಎಂಬ ಕಲಾವಿದೆ ಹಳೆಯ ಹಡಗುಕಟ್ಟೆಯ ಕಂಬಗಳಿಂದ ಮಾಡಿದವು ಅವು. ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ವಿರಾಮದ ಮೊದಲ ವಿಧಿ. ನೀರಿಗಿಳಿಯುವುದು ಎರಡನೆಯದು, ಅದು ಪಾದ ಮುಳುಗುವಷ್ಟಕ್ಕೆ ಮುಗಿಯುತ್ತದೆ.

ಕಾರಣ ಸರಳ, ಈಜು ಬಾರದು. ಅಪ್ಪನ ಕಾಲದಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ಮಗನ ಕಾಲಕ್ಕೆ ಬಾವಿ ಬತ್ತಿತು. ಕೆರೆಗಳೇನೋ ತುಂಬಿದವು, ಆದರೆ ಎಚ್.ಎನ್. ವ್ಯಾಲಿಯ ನೀರಿನಿಂದ. (ಇಲ್ಲಿ ಎಚ್.ಎನ್. ಎಂದರೆ ಹೊಸೂರಿನ ಮೇಷ್ಟ್ರಲ್ಲ, ಹೆಬ್ಬಾಳ-ನಾಗವಾರ.) ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಪೈಪಿನಲ್ಲಿ ತಂದು ತುಂಬಿದ ಕೆರೆಗೆ ಮಗನನ್ನು ತಳ್ಳುವ ಧೈರ್ಯ ಯಾವ ಅಪ್ಪನಿಗೂ ಬರಲಿಲ್ಲ.

ಹತ್ತಿರದ ಬೆಲ್ಲರೀನ್ ಪರ್ಯಾಯ ದ್ವೀಪದಲ್ಲಿ ದ್ರಾಕ್ಷಿ ತೋಟಗಳಿವೆ. ಚಿಕ್ಕಬಳ್ಳಾಪುರದ ಹುಡುಗನನ್ನು ಗೆಳೆಯರು ಅಲ್ಲಿಗೆ ಪ್ರವಾಸ ಕರೆದೊಯ್ದರೆ ಅವನ ವಿರಾಮ ಅಲ್ಲಿಗೆ ಮುಗಿದಂತೆ. ಮಿಕ್ಕವರು ವೈನ್ ರುಚಿ ನೋಡುತ್ತಿದ್ದರೆ ಇವನು ಸಾಲುಗಳ ನಡುವೆ ಬಗ್ಗಿ ಬುಡ ನೋಡುತ್ತಾನೆ. ಊರಿನಲ್ಲಿ ಬಳ್ಳಿ ತಲೆಯ ಮೇಲಿನ ಚಪ್ಪರಕ್ಕೆ ಹಬ್ಬುತ್ತದೆ, ಇಲ್ಲಿ ಎದೆಮಟ್ಟದ ತಂತಿಗೆ ಸಾಲಾಗಿ ಕಟ್ಟಿದ್ದಾರೆ. ಚಪ್ಪರದ ಖರ್ಚು ಉಳಿಯಿತಲ್ಲ ಎಂದು ಅಪ್ಪನಿಗೆ ವಿಡಿಯೊ ಹೋಗುತ್ತದೆ.

ಕೊನೆಯ ವಿಧಿ ಮನೆಗೆ ಫೋನು. ಜೀಲಾಂಗ್ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಐದೂವರೆ. ಅಮ್ಮ ಕೈ ತೊಳೆದು ಕೂರುವ ರಾತ್ರಿ ಒಂಬತ್ತಕ್ಕೆ ಅಲ್ಲಿ ಸರಿರಾತ್ರಿ ದಾಟಿರುತ್ತದೆ. ಹಾಗಾಗಿ ಇಳಿಹೊತ್ತಿನಲ್ಲಿ ದಂಡೆಯಿಂದಲೇ ಕರೆ. ಇಲ್ಲಿನ್ನೂ ನಡುಮಧ್ಯಾಹ್ನ, ಫೋನೆತ್ತುವುದು ಅಜ್ಜಿ. ಅವನು ಕ್ಯಾಮೆರಾ ತಿರುಗಿಸಿ ಕೊಲ್ಲಿಯನ್ನು ಈ ತುದಿಯಿಂದ ಆ ತುದಿಗೆ ತೋರಿಸುತ್ತಾನೆ.

“ಅಯ್ಯೋ, ಅಷ್ಟೂ ನೀರೇನಪ್ಪಾ! ಕುಡಿಯೋಕೆ ಬರುತ್ತಾ?”

“ಇಲ್ಲಜ್ಜಿ, ಉಪ್ಪು.”

“ಹಂಗಾದ್ರೆ ಆಮೇಲೆ ತೋರ್ಸು. ಹುಳ ಹಣ್ಣಾಗಿದೆ, ಗೂಡು ಕಟ್ಟೋಕೆ ನಿಮ್ಮಮ್ಮ ಒಬ್ಬಳೇ ಚಂದ್ರಿಕೆಗೆ ಬಿಡ್ತಾವ್ಳೆ.”