ನೌಕರನನ್ನು ಬಳಸುವ ಮುನ್ನ: ಮಾಲೀಕರಿಗೊಂದು ಕೈಪಿಡಿ

ಹೊಸ ನೌಕರನನ್ನು ಕೆಲಸಕ್ಕೆ ಹಚ್ಚುವ ಮೊದಲು ಇದನ್ನು ಪೂರ್ತಿ ಓದಿಕೊಳ್ಳಿ. ‘ಮಾಡಿದ್ದುಣ್ಣೋ ಮಹಾರಾಯ’ ಗಾದೆ ಇಲ್ಲಿ ನಡೆಯದು. ಮಾಡುವವನು ಅವನು, ಉಣ್ಣುವವರು ನೀವು.

ಮೊದಲ ಹಂತ: ನಿಯಮದ ಕಾರ್ಡು ಅಚ್ಚು ಹಾಕಿಸಿ. ಲಂಡನ್ ಜನರಲ್ ಆಮ್ನಿಬಸ್ ಕಂಪನಿ ಹಾಗೆಯೇ ಮಾಡಿತ್ತು: ಬೇರೆ ಬಸ್ಸಿನ ಜೊತೆ ಪೈಪೋಟಿಗಿಳಿಯಬೇಡಿ, ಅಡ್ಡ ಹಾಕಬೇಡಿ. ಕಾರ್ಡು ಪಡೆದ ಸಾರಥಿಯೊಬ್ಬ ತನ್ನ ಕುದುರೆ ಬಸ್ಸನ್ನು ಎದುರಾಳಿಗೆ ಅಡ್ಡ ಹಾಕಿ ಆ ಬಸ್ಸನ್ನು ಉರುಳಿಸಿದ. 1862ರಲ್ಲಿ ನ್ಯಾಯಾಲಯ ನಷ್ಟ ಕಂಪನಿಯೇ ಕಟ್ಟಲಿ ಎಂದಿತು. ಅಡ್ಡ ಹಾಕಿದ್ದು ನಿಮ್ಮ ವ್ಯಾಪಾರಕ್ಕೇ ತಾನೆ? ಕಾರ್ಡು ನಿಮ್ಮಿಬ್ಬರ ಒಳಮಾತು. ಬಸ್ಸು ಕಳೆದುಕೊಂಡವನಿಗೆ ಅದು ಕಟ್ಟಿಕೊಂಡು ಏನಾಗಬೇಕು? (ಆದರೂ ಅಚ್ಚು ಹಾಕಿಸಿ. ಪ್ರೆಸ್ಸಿನವನೂ ಬದುಕಬೇಕು.)

ಎರಡನೆಯ ಹಂತ: ತಪ್ಪು ಮಾಡಲೇಬೇಕೆಂದಿದ್ದರೆ ತನ್ನದಲ್ಲದ ಕೆಲಸದಲ್ಲಿ ಮಾಡಲಿ. ಅದೇ ಕಂಪನಿಯ ಕಂಡಕ್ಟರ್ ಒಬ್ಬ ಟ್ರಿಪ್ಪು ಮುಗಿದ ಮೇಲೆ ತಾನೇ ಬಸ್ಸು ಓಡಿಸಿ ಒಬ್ಬರಿಗೆ ಗುದ್ದಿದ. 1900ರಲ್ಲಿ ಕಂಪನಿ ಗೆದ್ದಿತು: ಅವನ ಕೆಲಸ ಟಿಕೆಟ್ಟು ಹರಿಯುವುದು, ಓಡಿಸುವುದಲ್ಲ. ಡ್ರೈವರ್ ಅಡ್ಡಾದಿಡ್ಡಿ ಓಡಿಸಿದರೆ ನೀವು ಸಿಕ್ಕಿಬಿದ್ದಿರಿ, ಓಡಿಸಬಾರದವನು ಓಡಿಸಿದರೆ ಪಾರಾದಿರಿ.

ಎಚ್ಚರಿಕೆ: ಇದೇ ಧೈರ್ಯದಲ್ಲಿ ಬೀಡಿ ಸಿಗರೇಟಿಗೆ ಬಿಡಬೇಡಿ. ಬೆಲ್ಫಾಸ್ಟಿನಲ್ಲಿ ಟ್ಯಾಂಕರ್ ಚಾಲಕನೊಬ್ಬ ಪೆಟ್ರೋಲು ಇಳಿಸುತ್ತಲೇ ಸಿಗರೇಟು ಹಚ್ಚಿ ಕಡ್ಡಿ ಎಸೆದ. ಮುಂದಿನದು ಹೇಳಬೇಕಿಲ್ಲ. 1942ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕಂಡದ್ದಿಷ್ಟು: ಸೇದಿದ್ದು ಅವನ ಖುಷಿಗೆ, ಪೆಟ್ರೋಲು ಇಳಿಸುತ್ತಿದ್ದುದು ಮಾಲೀಕರ ಕೆಲಸಕ್ಕೆ. ಕಟ್ಟಿ.

ಮೂರನೆಯ ಹಂತ: ಇದ್ಯಾವುದೂ ಆಗದಿದ್ದರೆ ಸರ್ಕಾರವಾಗಿಬಿಡಿ. 1947ರಲ್ಲಿ ಮೀರತ್ ಪೊಲೀಸರು ಚಿನಿವಾರ ವ್ಯಾಪಾರಿಯೊಬ್ಬರಿಂದ ನೂರು ತೊಲಕ್ಕೂ ಮಿಕ್ಕಿದ ಚಿನ್ನವನ್ನೂ ಒಂದಿಷ್ಟು ಬೆಳ್ಳಿಯನ್ನೂ ವಶಪಡಿಸಿಕೊಂಡು ಮಾಲ್‌ಖಾನೆಯಲ್ಲಿಟ್ಟರು. ಬೆಳ್ಳಿ ವಾಪಸು ಬಂತು. ಚಿನ್ನ ಹೆಡ್ ಕಾನ್‌ಸ್ಟೆಬಲ್ ಜೊತೆ ಪಾಕಿಸ್ತಾನಕ್ಕೆ ಹೋಯಿತು. ಬಂಧನ, ಜಪ್ತಿ ಎಲ್ಲ ಸಾರ್ವಭೌಮ ಅಧಿಕಾರ, ಆದ್ದರಿಂದ ಸರ್ಕಾರ ಹೊಣೆಯಲ್ಲ ಎಂದು 1964ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಇದು ಸರಿಯಿಲ್ಲ, ಶಾಸಕಾಂಗ ಕಾನೂನು ಮಾಡಲಿ ಎಂದು ತೀರ್ಪಿನಲ್ಲೇ ಕೊರಗಿತು ಕೂಡ. ಖಾಸಗಿ ಮಾಲೀಕರಿಗೆ ಇಂಥ ಸೌಲಭ್ಯ ಎಲ್ಲಿ ಸಿಕ್ಕೀತು?

ಗ್ಯಾರಂಟಿ ಷರತ್ತು: ಮೂರನೆಯ ಹಂತದ ಮಾಡೆಲ್ಲು ಈಗ ಹಳತಾಗಿದೆ. ಆಂಧ್ರದ ವ್ಯಾಪಾರಿಯೊಬ್ಬರ ಗೊಬ್ಬರವನ್ನು ಅಧಿಕಾರಿಗಳು ಜಪ್ತಿ ಮಾಡಿ ಹಾಳಾಗಲು ಬಿಟ್ಟಾಗ, 1994ರಲ್ಲಿ ಅದೇ ಸುಪ್ರೀಂ ಕೋರ್ಟ್ ನಷ್ಟ ಸರ್ಕಾರವೇ ತುಂಬಲಿ ಎಂದಿತು. ಚಿನ್ನಕ್ಕೆ ನಡೆದ ಸಾರ್ವಭೌಮತ್ವ ಗೊಬ್ಬರಕ್ಕೆ ನಡೆಯಲಿಲ್ಲ.