ಕ್ಯಾರವಾನ್ ಹೀಟರಿನ ಡೀಸೆಲ್ ಟ್ಯಾಂಕು: ಒಂದು ತಲಸ್ಪರ್ಶಿ ಅಧ್ಯಯನ

ಪೀಠಿಕೆ

ಹಿಂದಿನವರಿಗೆ ಜಿಜ್ಞಾಸೆ ವೈರಾಗ್ಯದಿಂದ ಹುಟ್ಟುತ್ತಿತ್ತು. ಪ್ರಸ್ತುತ ಪ್ರಬಂಧಕಾರನಿಗೆ ಚಳಿಯಿಂದ ಹುಟ್ಟಿತು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ, ಜನವರಿಯ ರಾತ್ರಿ ಎರಡು ಗಂಟೆಗೆ, ಕ್ಯಾರವಾನಿನ ಡೀಸೆಲ್ ಹೀಟರು ಒಮ್ಮೆ ಕೆಮ್ಮಿ ಆರಿಹೋದದ್ದೇ ಈ ಸಂಶೋಧನೆಗೆ ನಿಮಿತ್ತ. ಈ ಕ್ಷೇತ್ರಕ್ಕೆ ಹಿಂದಿನ ವಿದ್ವಾಂಸರಾರೂ ಕೈಹಾಕಿದಂತಿಲ್ಲ. ಹಾಕಿದ್ದರೆ ವಾಸನೆಯಿಂದಲೇ ತಿಳಿಯುತ್ತಿತ್ತು. ಶೀರ್ಷಿಕೆಯಲ್ಲಿರುವ ‘ತಲಸ್ಪರ್ಶಿ’ ಎಂಬ ಪದವನ್ನು ವಿಶ್ವವಿದ್ಯಾಲಯಗಳಲ್ಲಿ ಅಲಂಕಾರಕ್ಕೆ ಬಳಸುವುದುಂಟು. ಇಲ್ಲಿ ವಾಚ್ಯಾರ್ಥವನ್ನೇ ಹಿಡಿಯತಕ್ಕದ್ದು.

ನಾಮವಿಚಾರ

‘ಡೀಸೆಲ್’ ಮೂಲತಃ ಅಂಕಿತನಾಮ, ಈಗ ರೂಢನಾಮ. ಆ ಅಂಕಿತನಾಮದ ಒಡೆಯ ರುಡಾಲ್ಫ್ ಡೀಸೆಲ್ 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದ. ಸಿಕ್ಕಿದ್ದು ಸಮುದ್ರದಲ್ಲಿ ಹೆಣವಾಗಿ. ಡೀಸೆಲ್‌ಗೂ ನೀರಿಗೂ ಆಗಿಬರದೆಂಬ, ಮುಂದೆ ಬರಲಿರುವ ನಮ್ಮ ವಾದಕ್ಕೆ ಚರಿತ್ರೆಯೂ ಸಾಕ್ಷಿ ನುಡಿದಂತಾಯಿತು.

ಹೀಟರು ತಯಾರಕರಲ್ಲಿ ಹೆಸರಾಂತ ‘ವೆಬಾಸ್ಟೊ’ 1901ರಲ್ಲಿ ಹುಟ್ಟಿದ ಸಂಸ್ಥೆ. ಸ್ಥಾಪಕ ವಿಲ್ಹೆಲ್ಮ್ ಬೈಯರ್‌ನ ಹೆಸರಿಗೆ ಜರ್ಮನಿಯ ಸ್ಟಾಕ್‌ಡಾರ್ಫ್ ಊರು ಸೇರಿ ಆದ ಪದವದು. ಇಷ್ಟೊಂದು ಅಕ್ಷರ ಉದುರಿದ ಲೋಪಸಂಧಿ ವೈಯಾಕರಣ ಕೇಶಿರಾಜನ ಕಣ್ಣಿಗೂ ಬಿದ್ದಿರಲಾರದು. ನಮ್ಮ ಹೀಟರಿಗೆ ಅಂಥ ಕುಲಗೋತ್ರವೇನಿಲ್ಲ. ಚೀನಾ ಮೂಲದ್ದು, 5 ಕಿಲೋವ್ಯಾಟಿನದು, 10 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿನ ಸಮೇತ ರಟ್ಟಿನ ಪೆಟ್ಟಿಗೆಯಲ್ಲಿ ಬಂದದ್ದು.

ಪ್ರಮಾಣಪರೀಕ್ಷೆ

ಹೀಟರು ಏಕೆ ಆರಿತು? ಪಂಪ್‌ವಾದಿಗಳಿಗೆ ಶಬ್ದವೇ ಪ್ರಮಾಣ: ಹನಿಹನಿಯಾಗಿ ಡೀಸೆಲ್ ದೂಡುವ ಪಂಪು ಟಕ್ ಟಕ್ ಎನ್ನುತ್ತಿದ್ದರೆ ಎಲ್ಲವೂ ಕ್ಷೇಮ. ಇದು ಒಪ್ಪತಕ್ಕದ್ದಲ್ಲ. ಕೊಳವೆಯಲ್ಲಿ ಬರೀ ಗಾಳಿ ಇದ್ದರೂ ಪಂಪು ಟಕ್ ಎನ್ನುತ್ತದೆ. ಶಬ್ದವಿದ್ದ ಮಾತ್ರಕ್ಕೆ ಒಳಗೆ ಅರ್ಥ ಹರಿಯುತ್ತಿರಬೇಕೆಂದಿಲ್ಲ ಎಂಬುದು ವಿಚಾರಸಂಕಿರಣಗಳಿಂದಲೂ ಸಿದ್ಧ.

ಅನುಮಾನವಾದಿಗಳು ಹೊಗೆಯನ್ನು ಹಿಡಿದರು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂಬುದು ತಾರ್ಕಿಕರ ಹಳೆಯ ಉದಾಹರಣೆ. ನಮ್ಮ ಹೀಟರು ಅದನ್ನು ತಲೆಕೆಳಗು ಮಾಡಿತು. ಅದರ ಹೊಗೆಕೊಳವೆಯಿಂದ ದಟ್ಟ ಬಿಳಿ ಹೊಗೆ ಬಂತೆಂದರೆ ಒಳಗೆ ಬೆಂಕಿ ಹತ್ತಿಲ್ಲವೆಂದೇ ಅರ್ಥ. ಅದು ಉರಿಯದೆ ಆವಿಯಾದ ಡೀಸೆಲ್. ನೈಯಾಯಿಕರು ಕ್ಯಾರವಾನಿನಲ್ಲಿ ಮಲಗಿದವರಲ್ಲ.

ಉಳಿದದ್ದು ಪ್ರತ್ಯಕ್ಷ. ಬೆಳಗಾದ ಮೇಲೆ ಟ್ಯಾಂಕಿನ ತಳದ ದ್ರವವನ್ನು ಗಾಜಿನ ಜಾಡಿಗೆ ಬಸಿದು ಒಂದು ದಿನ ಅಲುಗಿಸದೆ ಇಡಲಾಯಿತು. ಹಾಲು ನೀರನ್ನು ಬೇರ್ಪಡಿಸಲು ಹಂಸ ಬೇಕು. ಡೀಸೆಲ್ಲಿಗೆ ತಾಳ್ಮೆ ಸಾಕು. ಮೇಲೆ ಜೇನುಬಣ್ಣದ ಡೀಸೆಲ್, ತಳದಲ್ಲಿ ಎರಡು ಚಮಚ ನೀರು, ನಡುವೆ ಕಪ್ಪು ಲೋಳೆ.

ಸಿದ್ಧಾಂತ: ಘಟಾಕಾಶವಾದ

ಟ್ಯಾಂಕಿಗೆ ಯಾರೂ ನೀರು ಸುರಿದಿರಲಿಲ್ಲ. ಹಾಗಾದರೆ ಎಲ್ಲಿಂದ ಬಂತು? ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ಆಕಾಶದಿಂದ. ಘಟಾಕಾಶಕ್ಕೂ ಮಹಾಕಾಶಕ್ಕೂ ಭೇದವಿಲ್ಲವೆಂಬುದನ್ನು ಮುಚ್ಚಳದ ಗಾಳಿಕಿಂಡಿಯೇ ಸಾರುತ್ತದೆ. ಹಗಲು ಒಳಬಂದ ತೇವದ ಗಾಳಿ ರಾತ್ರಿ ತಣ್ಣನೆಯ ಗೋಡೆಗೆ ತಾಗಿ ಬೆವರಾಗುತ್ತದೆ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ. ನೀರು ಅದಕ್ಕಿಂತ ಭಾರ, ಆದ್ದರಿಂದ ಇಳಿದು ತಳ ಸೇರುತ್ತದೆ. ಬ್ರಿಟನ್ನಿನ ಬಂಕುಗಳ ಡೀಸೆಲ್ಲಿನಲ್ಲಿ ಶೇ. 7ರವರೆಗೆ ಬೆರೆತಿರುವ ಜೈವಿಕ ಡೀಸೆಲ್ಲಿಗೆ ನೀರಿನ ದಾಹ ಇನ್ನೂ ಹೆಚ್ಚು.

ಇಂಥ ಲೋಳೆಗೆ ಹೆಸರಾದ ಬೂಷ್ಟು ಹಾರ್ಮೊಕೋನಿಸ್ ರೆಸಿನೇ. ಅದರ ವಾಸ ಸಂಧಿಸ್ಥಾನದಲ್ಲಿ: ಊಟ ಮೇಲಿನ ಮನೆಯ ಡೀಸೆಲ್ಲು, ಕುಡಿಯಲು ಕೆಳಗಿನ ಮನೆಯ ನೀರು. ಬಾಡಿಗೆಯಾಗಿ ನಮ್ಮ ಫಿಲ್ಟರನ್ನು ಕಟ್ಟಿಸಿಕೊಡುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ; ತುಂಬಿದ ಟ್ಯಾಂಕು ಬೆವರುವುದೂ ಅಪರೂಪ. ಆದಕಾರಣ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ತುಂಬಿಸಿಡಬೇಕು, ಇಲ್ಲವೇ ಬರಿದು ಮಾಡಿ ಒರೆಸಿಡಬೇಕು. ಪೂರ್ಣವಾದಿಗಳೂ ಶೂನ್ಯವಾದಿಗಳೂ ಸರಿ. ಮಧ್ಯಮಮಾರ್ಗ ಮಾತ್ರ ಸಲ್ಲದು.

ವಿಧಿನಿಷೇಧಗಳು

ಹೀಟರು ಆರಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಕಿಡಿಯಿಂದ ದೂರ ಕುಳಿತು ಕರ್ಮ ಆರಂಭಿಸತಕ್ಕದ್ದು. ಡೀಸೆಲ್ಲನ್ನು ಕೈಪಂಪಿನಿಂದ ಕ್ಯಾನಿಗೆ ಬಸಿಯಬೇಕು. ಕೊಳವೆಗೆ ಬಾಯಿಯಿಟ್ಟು ಎಳೆಯುವುದು ಮಹಾಪಾತಕ. ನೂಲು ಬಿಡದ ಬಟ್ಟೆಯಿಂದ ತಳ ಒರೆಸಿ, ಸ್ವಲ್ಪ ಶುದ್ಧ ಡೀಸೆಲ್ ಹಾಕಿ ಕುಲುಕಿ ಚೆಲ್ಲದೆ ತೆಗೆಯಬೇಕು. ಸೋಪುನೀರಿನ ಅಭಿಷೇಕ ನಿಷಿದ್ಧ: ಓಡಿಸಬೇಕಾದ ಶತ್ರುವಿಗೇ ಅದು ಆಮಂತ್ರಣ. ಹೊಸ ಟ್ಯಾಂಕಾದರೂ ಇಣುಕಿ ನೋಡಬೇಕು. ತೂತು ಕೊರೆದಾಗಿನ ಪ್ಲಾಸ್ಟಿಕ್ ಚೂರು ಒಳಗೇ ಉಳಿದಿರುವುದುಂಟು.

ಬಳಿಕ ಫಿಲ್ಟರು ಬದಲಿಸಿ, ಕೊಳವೆ ಬಿರಿದಿದೆಯೇ ನೋಡಿ, ಹೊಸ ಡೀಸೆಲ್ ತುಂಬಿ, ಗಾಳಿ ಹೋಗುವವರೆಗೆ ಪಂಪು ಓಡಿಸಬೇಕು. ಕೊಳಕು ಡೀಸೆಲ್ ಚರಂಡಿಗಲ್ಲ; ಅದನ್ನು ಸ್ವೀಕರಿಸುವ ಸ್ಥಳೀಯ ಕೌನ್ಸಿಲ್ಲಿನ ತ್ಯಾಜ್ಯ ಕೇಂದ್ರಕ್ಕೆ ಒಯ್ಯತಕ್ಕದ್ದು. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಕಾಲು ಗಂಟೆ ಪೂರ್ಣ ಉರಿಯಲ್ಲಿ ಹೀಟರು ನಡೆಸಬೇಕು. ಬೆವರುತ್ತ ಕೂರುವುದು ಈ ವ್ರತದ ಅಂಗ.

ಫಲಶ್ರುತಿ

ಇದನ್ನು ಓದಿದವರಿಗೆ ಪುಣ್ಯವಿಲ್ಲ. ಮಾಡಿದವರಿಗೆ ರಾತ್ರಿ ಎರಡು ಗಂಟೆಯ ನಿದ್ದೆ ಉಂಟು. ಪ್ರಬಂಧಕಾರ ತಳ ಮುಟ್ಟಿದ್ದು ನಿಜವೇ ಎಂದು ಶಂಕಿಸುವ ಪರೀಕ್ಷಕರು ದಯವಿಟ್ಟು ಹಸ್ತಪ್ರತಿಯನ್ನು ಮೂಸಿ ನೋಡಬೇಕು.