ಶೇಕಡಾಚಾರ್ಯರು

ಹುಬ್ಬಳ್ಳಿ ಧಾರವಾಡಗಳನ್ನು 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಸೂತ್ರದಲ್ಲಿ ಪೋಣಿಸಿದ ಹಿರಿಯರು ಎರಡು ಹೆಸರುಗಳ ನಡುವೆ ಒಂದು ಪುಟ್ಟ ಗೆರೆಯನ್ನು ಎಳೆದರೇ ಹೊರತು, ಕಾಗದದ ಮೇಲೆ ಜವೆಗಾಳಿನಷ್ಟಿರುವ ಆ ಗೆರೆ ನೆಲದ ಮೇಲೆ ಸುಮಾರು 20 ಕಿಲೋಮೀಟರು ಚಾಚಿಕೊಂಡಿದೆಯೆಂಬ ಸಂಗತಿಯನ್ನು ಮಾರ್ಪಡಿಸುವುದು ಅವರಿಗೂ ಸಾಧ್ಯವಾಗಲಿಲ್ಲ. ತತ್ಫಲವಾಗಿ ಧಾರವಾಡದಲ್ಲಿ ಉಂಡು ಹುಬ್ಬಳ್ಳಿಯಲ್ಲಿ ದುಡಿದು ಮರಳಿ ಧಾರವಾಡದಲ್ಲಿಯೇ ಮಲಗುವ ಒಂದು ಜನವರ್ಗ ಇಲ್ಲಿ ತಲೆಮಾರುಗಳಿಂದ ಬೆಳೆದುಬಂದಿದೆ. ಈ ವರ್ಗದವರಿಗೆ ಪಯಣವೆಂದರೆ ಪಯಣವಲ್ಲ, ಲೆಕ್ಕ. ರೈಲಿನ ಪಾಸು ಹಿಡಿದವರು ನಿಮಿಷಗಳನ್ನೆಣಿಸಿದರು; ಬೇಂದ್ರೆ ನಗರ ಸಾರಿಗೆಯ ಬಸ್ಸಿನಲ್ಲಿ ನಿಂತವರು ಚಿಲ್ಲರೆಯನ್ನೆಣಿಸಿದರು; ಮೋಟಾರ್ ಸೈಕಲ್ಲನ್ನೇರಿದವರು ಪೆಟ್ರೋಲಿನ ಲೀಟರುಗಳನ್ನೆಣಿಸಿದರು. ಈಗ ಬ್ಯಾಟರಿ ಗಾಡಿಯನ್ನು ಕೊಂಡಿರುವ ಹೊಸ ಪೀಳಿಗೆಯವರು ಶೇಕಡಾವನ್ನು ಎಣಿಸುತ್ತಿದ್ದಾರೆ.

ಈ ಕಡೆಯ ಪಂಗಡದ ಪ್ರತಿನಿಧಿಯನ್ನು ನಾವು ಶೇಕಡಾಚಾರ್ಯರೆಂದು ಕರೆಯೋಣ. ಅವರು ಒಬ್ಬರಲ್ಲ; ಮಾಳಮಡ್ಡಿಯಲ್ಲಿ ಒಬ್ಬರಿದ್ದರೆ ಸಪ್ತಾಪುರದಲ್ಲಿ ಮತ್ತೊಬ್ಬರಿದ್ದಾರೆ, ಪ್ರತಿಯೊಂದು ಕಚೇರಿಯಲ್ಲಿಯೂ ಕನಿಷ್ಠಪಕ್ಷ ಒಬ್ಬರಿದ್ದೇ ಇರುತ್ತಾರೆ. ವಯಸ್ಸು ಐವತ್ತರ ಆಸುಪಾಸು. ವೃತ್ತಿ, ಬ್ಯಾಂಕು, ವಿಮೆ ಅಥವಾ ರೈಲ್ವೆಯ ಲೆಕ್ಕಪತ್ರ ವಿಭಾಗ. ಕೊಂಡದ್ದು ಮೊತ್ತಮೊದಲನೆಯ ವಿದ್ಯುದ್ವಾಹನ. ಹಸಿರು ಫಲಕದ ಮೇಲೆ ಬಿಳಿಯ ಅಕ್ಷರಗಳಲ್ಲಿ ಕೆಎ-25 ಎಂದು ಬರೆದಿರುವುದನ್ನು ಅವರು ಪ್ರಾತಃಕಾಲದಲ್ಲಿ ಸ್ವಹಸ್ತದಿಂದ ಒರೆಸುವಾಗ ಮುಖದಲ್ಲಿ ಮೂಡುವ ಪ್ರಸನ್ನತೆಯನ್ನು ಅವರ ಮದುವೆಯ ಛಾಯಾಚಿತ್ರದಲ್ಲಿ ಕೂಡ ಕಾಣಲಾಗದೆಂದು ಮನೆಯವರ ಅಂಬೋಣ.

ಆಚಾರ್ಯರ ದಿನಚರಿ ಪಂಚಾಂಗದಿಂದ ಆರಂಭವಾಗುತ್ತಿದ್ದ ಕಾಲವೊಂದಿತ್ತು. ಈಗ ಹಾಸಿಗೆಯಿಂದೆದ್ದವರು ಮೊದಲು ಮೊಬೈಲನ್ನು ತೆರೆದು, ಹೊರಗೆ ಕಟ್ಟೆಯ ಬದಿಯಲ್ಲಿ ನಿಂತಿರುವ ಗಾಡಿಯ ಹೊಟ್ಟೆಯಲ್ಲಿ ಎಷ್ಟು ತುಂಬಿದೆಯೆಂಬುದನ್ನು ನೋಡಿ, 80 ಎಂದಿದ್ದರೆ ಎರಡೂ ಕಣ್ಣುಗಳಿಗೆ ಒತ್ತಿಕೊಳ್ಳುತ್ತಾರೆ. ನೂರಕ್ಕೆ ನೂರು ತುಂಬಿಸುವುದನ್ನು ಅವರು ಮಹಾಪಾತಕವೆಂದೆಣಿಸಿದ್ದಾರೆ. ಲಿಥಿಯಂ ಬ್ಯಾಟರಿ ಸದಾ ತುಂಬಿಯೇ ಇದ್ದರೆ ಬೇಗ ಮುಪ್ಪಾಗುತ್ತದೆಂದೂ, 20ರ ಕೆಳಗಿಳಿದರೆ ಬಳಲುತ್ತದೆಂದೂ ಎಲ್ಲಿಯೋ ಓದಿಕೊಂಡು, ಆ ಎರಡು ಅಂಕಿಗಳ ನಡುವೆಯೇ ಸಂಸಾರ ಸಾಗಿಸತಕ್ಕದ್ದೆಂದು ವ್ರತ ಹಿಡಿದಿದ್ದಾರೆ. ಓದಿದ್ದು ಸುಳ್ಳಲ್ಲ. ಆದರೆ ಮೂರು ಯೂನಿಟ್ಟು ಹಿಡಿಯುವ ಬ್ಯಾಟರಿಗೆ ಹಣ ತೆತ್ತು ಎರಡು ಯೂನಿಟ್ಟಿನಷ್ಟನ್ನೇ ಬಳಸುವ ಈ ಮಹನೀಯರು, ಅಸಲನ್ನು ಮುಟ್ಟದೆ ಬಡ್ಡಿಯಲ್ಲಿಯೇ ಬಾಳಿ ಕಣ್ಣುಮುಚ್ಚಿದ ಹಳೆಯ ಸಾಹುಕಾರರ ನೇರ ವಾರಸುದಾರರಾಗಿ ಕಾಣುತ್ತಾರೆ.

ಹೊರಡುವುದು ಒಂಬತ್ತಕ್ಕೆ. ಗಾಡಿಯ ಮೂರು ವೇಗಪದ್ಧತಿಗಳಲ್ಲಿ ಅವರಿಗೆ ಗೊತ್ತಿರುವುದು ಮಿತವ್ಯಯದ್ದೊಂದೇ. ಉಳಿದೆರಡನ್ನು ಕಂಪನಿಯವರು ತರುಣರ ಅಧಃಪತನಕ್ಕಾಗಿ ಇಟ್ಟಿದ್ದಾರೆಂದು ಅವರ ನಂಬುಗೆ. ಗಾಳಿಯ ತಡೆ ವೇಗದ ವರ್ಗಕ್ಕನುಗುಣವಾಗಿ ಹೆಚ್ಚುತ್ತದೆಂಬ ಭೌತಶಾಸ್ತ್ರದ ನಿಯಮವನ್ನು ಕಾಲೇಜಿನಲ್ಲಿ ಅಂಕಗಳಿಗಾಗಿ ಕಂಠಪಾಠ ಮಾಡಿದ್ದವರು ಈಗ ಪಿ.ಬಿ. ರಸ್ತೆಯ ಮೇಲೆ ಅದನ್ನು ಅನುಷ್ಠಾನಕ್ಕೆ ತಂದು, ಗಂಟೆಗೆ 35 ಕಿಲೋಮೀಟರನ್ನು ಮೀರದೆ, ಎಡಮಗ್ಗುಲನ್ನು ಬಿಡದೆ ಸಾಗುತ್ತಾರೆ. ಟೋಲ್ ನಾಕಾದಲ್ಲಿ 77, ನವಲೂರಿನಲ್ಲಿ 73, ರಾಯಾಪುರದಲ್ಲಿ 70, ಉಣಕಲ್ಲಿನ ಕೆರೆ ಕಂಡಾಗ 65, ಚೆನ್ನಮ್ಮನ ಪ್ರತಿಮೆಗೆ ಕೈಮುಗಿಯುವಾಗ 62: ಹೀಗೆ ಊರುಗಳನ್ನು ಅವರು ಹೆಸರಿನಿಂದ ಗುರುತಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಬದಿಯ ಪ್ರತ್ಯೇಕ ಪಥದಲ್ಲಿ ಚಿಗರಿ ಬಸ್ಸು ಸುಯ್ಯೆಂದು ದಾಟಿ ಮುಂದಾದರೆ ಆಚಾರ್ಯರಿಗೆ ಅಸೂಯೆಯಿಲ್ಲ. ಅದರ ಡೀಸೆಲ್ಲನ್ನು ನೆನೆದು ಅನುಕಂಪವುಂಟು.

ಈ ವಾಹನದ ಪರಮಗುಣವೆಂದು ಅವರು ಕೀರ್ತಿಸುವುದು ನಿಶ್ಶಬ್ದತೆಯನ್ನು. ದುರದೃಷ್ಟವಶಾತ್ ಹುಬ್ಬಳ್ಳಿಯ ಪಾದಚಾರಿಯೂ, ರಸ್ತೆಯ ನಟ್ಟನಡುವೆ ಮೆಲುಕು ಹಾಕುತ್ತ ಮಲಗಿರುವ ಎಮ್ಮೆಯೂ ಹಿಂದಿನಿಂದ ಬರುವ ವಾಹನವನ್ನು ಕಿವಿಯಿಂದಲೇ ಅರಿತು ಅಭ್ಯಾಸವಾದವರು. ಸದ್ದೇ ಇಲ್ಲದ ಗಾಡಿಗೆ ದಾರಿ ಬಿಡುವ ಪ್ರಶ್ನೆ ಅವರಿಗೆ ಏಳುವುದಿಲ್ಲ. ಆದುದರಿಂದ ಆಚಾರ್ಯರು ಹೊಸೂರಿನಿಂದ ಚೆನ್ನಮ್ಮನ ವೃತ್ತದವರೆಗೆ ಹಾರ್ನನ್ನು ಒತ್ತಿಕೊಂಡೇ ಹೋಗಬೇಕಾಗುತ್ತದೆ. ಇಡೀ ರಸ್ತೆಯಲ್ಲಿ ಅತ್ಯಂತ ನಿಶ್ಶಬ್ದವಾದ ವಾಹನವೇ ಅತ್ಯಧಿಕ ಗದ್ದಲವನ್ನೆಬ್ಬಿಸುವುದನ್ನು ಕಂಡು ವಿಸ್ಮಿತರಾಗದವರು ಅವರೊಬ್ಬರೇ.

ಸಾಯಂಕಾಲದ ಕಥೆ ಬೇರೆ. ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದರಿಂದ ಮರಳುವ ದಾರಿ ಒಟ್ಟಿನಲ್ಲಿ ಏರು. ಸಾಲದ್ದಕ್ಕೆ ಆಷಾಢ ಮಾಸದಲ್ಲಿ ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ. ಬೆಳಿಗ್ಗೆ 18ರಲ್ಲಿ ಮುಗಿದ ಹಾದಿ ಸಂಜೆಗೆ 24 ಕೇಳುತ್ತದೆ. ಈ ಹೊತ್ತಿನಲ್ಲಿ ಸಹೋದ್ಯೋಗಿ ಯಾರಾದರೂ, "ಆಚಾರ್ಯರ, ನವನಗರದ ತನಕಾ ಬಿಡ್ತೀರೇನ್ರಿ?" ಎಂದು ಕೇಳಿದರೆ ಅವರು ಇಲ್ಲವೆನ್ನುವಷ್ಟು ಕಠಿಣಹೃದಯರಲ್ಲ, ಕೇಳಿದವರನ್ನು ಆಪಾದಮಸ್ತಕ ಒಮ್ಮೆ ನೋಡಿ, "ತೂಕ ಎಷ್ಟದರೀ ನಿಮ್ದು?" ಎಂದು ಮೃದುವಾಗಿ ವಿಚಾರಿಸುತ್ತಾರೆ. ಇದೇ ಪ್ರಶ್ನೆಯನ್ನು ಸಿದ್ಧಾರೂಢ ಮಠಕ್ಕೆ ಹೊರಟು ನಿಂತ ಸ್ವಂತ ಧರ್ಮಪತ್ನಿಗೂ ಕೇಳಿ, ಆಕೆ ಚಿಗರಿಯಲ್ಲಿಯೇ ಹೋಗಿಬಂದಳೆಂಬ ವರ್ತಮಾನ ಓಣಿಯಲ್ಲಿ ಪ್ರಚಾರದಲ್ಲಿದೆ. ಇಷ್ಟೆಲ್ಲ ಆತಂಕದ ಬಳಿಕ ಮನೆಯಂಗಳದಲ್ಲಿ ಗಾಡಿ ನಿಂತಾಗ ಅಂಕಿ 38ರಲ್ಲಿಯೇ ಇರುತ್ತದೆ. ಭೀತಿಗೂ ಬ್ಯಾಟರಿಗೂ ಸಂಬಂಧವಿಲ್ಲ. ಅದು ಅವರ ಸ್ವಭಾವದಲ್ಲಿ ಮೊದಲಿನಿಂದಲೂ ಇದ್ದದ್ದು, ಗಾಡಿ ಬಂದ ಮೇಲೆ ಅದಕ್ಕೊಂದು ಅಂಕಿ ದೊರಕಿತು, ಅಷ್ಟೆ.

ಗೃಹಕಲಹದ ಮೂಲವನ್ನೂ ಇಲ್ಲಿ ಪ್ರಸ್ತಾಪಿಸಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಕಾರ ಪ್ರತಿಯೊಂದು ಮನೆಗೂ ಅದರ ಹಿಂದಿನ ಸರಾಸರಿಗೆ ತುಸು ಸೇರಿಸಿದಷ್ಟು ವಿದ್ಯುತ್ತು ಉಚಿತ. ಮಿಕ್ಕದ್ದಕ್ಕೆ ಹಣ ತೆರಬೇಕು, 200 ಯೂನಿಟ್ಟು ದಾಟಿದರಂತೂ ಇಡೀ ಬಿಲ್ಲನ್ನೇ ತೆರಬೇಕು. ಸರಾಸರಿಯನ್ನು ಗೊತ್ತುಮಾಡಿದಾಗ ಆಚಾರ್ಯರ ಮನೆಯಲ್ಲಿ ಈ ಗಾಡಿ ಇರಲಿಲ್ಲ. ಈಗದು ತಿಂಗಳಿಗೆ ಸುಮಾರು 40 ಯೂನಿಟ್ಟು ಹೀರುವುದರಿಂದ, ಸೊನ್ನೆಯ ಬಿಲ್ಲು ಬರುತ್ತಿದ್ದ ಮನೆಗೆ ಹೆಸ್ಕಾಂನಿಂದ ಅಂಕಿಗಳುಳ್ಳ ಬಿಲ್ಲು ಬರತೊಡಗಿದೆ. ಇದಕ್ಕೆ ಕಾರಣ ಮಿಕ್ಸರೆಂದು ಯಜಮಾನರ ವಾದ, ಗಾಡಿಯೆಂದು ಯಜಮಾನಿತಿಯ ಪ್ರತಿವಾದ. "ಚಟ್ನಿ ನಾ ಒಳ್ಳಿನ್ಯಾಗ ರುಬ್ಬತೇನಿ, ನೀವು ಕಾಲ್ನಡಗೀಲೆ ಹುಬ್ಬಳ್ಳಿಗೆ ಹೋಗ್ರಿ" ಎಂಬ ರಾಜೀಸೂತ್ರ ಮಂಡನೆಯಾದ ದಿನದಿಂದ ಆಚಾರ್ಯರು ಮಿಕ್ಸರಿನ ವಿಷಯವನ್ನು ಕೈಬಿಟ್ಟು ಪಂಖದ ಕಡೆಗೆ ದೃಷ್ಟಿ ಹರಿಸಿದ್ದಾರೆ.

ಈ ಕಲಹದ ಪರಿಣಾಮವಾಗಿ ಅವರಿಗೆ ಪರರ ಮನೆಯ ಪ್ಲಗ್ಗುಗಳ ಮೇಲೆ ವಿಶೇಷವಾದ ಮಮತೆ ಬೆಳೆದಿದೆ. ಕೇಶ್ವಾಪುರದ ಬಂಧುಗಳಲ್ಲಿ ನಾಮಕರಣವಾದರೆ ಕೂಸನ್ನು ನೋಡುವುದಕ್ಕಿಂತ ಮೊದಲೇ ಗೋಡೆಗಳನ್ನು ನೋಡುತ್ತಾರೆ. ದಪ್ಪ ಮೂರು ರಂಧ್ರಗಳ ಪ್ಲಗ್ಗು ಬಾಗಿಲ ಸಮೀಪದಲ್ಲಿಯೇ ಇದ್ದರೆ ಆ ಮನೆತನದ ಸಂಸ್ಕಾರವನ್ನು ಮುಕ್ತಕಂಠದಿಂದ ಶ್ಲಾಘಿಸುತ್ತಾರೆ. ಊಟವನ್ನು ಇಷ್ಟು ನಿಧಾನವಾಗಿ ಮಾಡುವ ಅತಿಥಿಯನ್ನು ಕಂಡು ಆತಿಥೇಯರು ಅಡುಗೆ ರುಚಿಸಿತೆಂದು ಹಿಗ್ಗುವುದುಂಟು. ನಿಜವಾಗಿ ಅವರು ಹೋಳಿಗೆಯ ಪ್ರತಿಯೊಂದು ತುಣುಕಿಗೂ ಅರ್ಧ ಶೇಕಡಾದಂತೆ ಲೆಕ್ಕ ಹಾಕಿಕೊಂಡು ಅಗಿಯುತ್ತಿರುತ್ತಾರೆ.

ಇಷ್ಟಾದರೂ ಆಚಾರ್ಯರ ಜೀವನದ ಪರಮ ಪ್ರಯೋಜನ ಉಳಿತಾಯವಲ್ಲ, ಉಪದೇಶ. ಯಾರಾದರೊಬ್ಬರು ಅರಿಯದೆ, "ಗಾಡಿ ಎಷ್ಟ್ ಕೊಡ್ತದರೀ?" ಎಂದರೆ ಸಾಕು, ಬೆಂಗಳೂರಿನ ರೇವಾ ಕಾರು 2001ರಲ್ಲಿ ರಸ್ತೆಗಿಳಿದಲ್ಲಿಂದ ಮೊದಲ್ಗೊಂಡು, 2017ರಲ್ಲಿ ದೇಶದಲ್ಲಿಯೇ ಪ್ರಥಮವಾಗಿ ವಿದ್ಯುದ್ವಾಹನ ನೀತಿಯನ್ನು ಪ್ರಕಟಿಸಿದ್ದು ನಮ್ಮ ಕರ್ನಾಟಕವೆಂಬುದನ್ನು ತಾವೇ ಕರಡು ಬರೆದವರಂತೆ ವಿವರಿಸಿ, ಕಂಪನಿಯವರು ಹೇಳುವ ದೂರಕ್ಕೂ ರಸ್ತೆಯಲ್ಲಿ ದೊರೆಯುವ ದೂರಕ್ಕೂ ಇರುವ ಅಂತರವನ್ನು ವೇದಾಂತದ ಧಾಟಿಯಲ್ಲಿ ಬಿಡಿಸಿ, ಕಟ್ಟಕಡೆಗೆ ಲೆಕ್ಕಕ್ಕೆ ಬರುತ್ತಾರೆ. ಪೆಟ್ರೋಲಿನ ಗಾಡಿಗೆ ಹೋಗಿಬರಲು ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರು, ಎಂದರೆ ನೂರು ರೂಪಾಯಿ. ಇದಕ್ಕೆ ಒಂದೂವರೆ ಯೂನಿಟ್ಟು, ಎಂದರೆ ಹತ್ತು ರೂಪಾಯಿಯೊಳಗೆ. ತಿಂಗಳಿಗೆ ಉಳಿಯುವುದು ಎರಡು ಸಾವಿರಕ್ಕೆ ಮೇಲ್ಪಟ್ಟು. ಕೇಳುವವನು ಎದ್ದುಹೋಗದಿರಲೆಂದು ಚಹ ತರಿಸುತ್ತಾರೆ. ಚಹದೊಡನೆ ಗಿರಮಿಟ್ಟು, ಗಿರಮಿಟ್ಟಿನೊಡನೆ ಮಿರ್ಚಿ. ಕೇಳುಗನು ಅರೆಮನಸ್ಸಿನಿಂದ ಒಪ್ಪಿಕೊಂಡ ದಿನ ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಢೆಯೂ ಬರುತ್ತದೆ. ಉಳಿದ ಎರಡು ಸಾವಿರ ಎಲ್ಲಿ ಹೋಗುತ್ತದೆಂದು ಮನೆಯವರು ಇಂದಿಗೂ ಶೋಧಿಸುತ್ತಿದ್ದಾರೆ.

ನ್ಯಾಯವಾಗಿ ಹೇಳುವುದಾದರೆ ಆಚಾರ್ಯರ ಲೆಕ್ಕದಲ್ಲಿ ತಪ್ಪಿಲ್ಲ. ದಿನನಿತ್ಯ ನಿಶ್ಚಿತವಾದ ದಾರಿ, ಸ್ವಂತ ಮನೆಯಂಗಳದಲ್ಲಿ ಒಂದು ಪ್ಲಗ್ಗು, ಅವಸರವಿಲ್ಲದ ಮನಸ್ಸು, ಈ ಮೂರೂ ಇದ್ದವರಿಗೆ ಇದಕ್ಕಿಂತ ಮೇಲಾದ ವಾಹನ ಅವಳಿನಗರದಲ್ಲಿ ಸದ್ಯಕ್ಕಿಲ್ಲ. ಹೊಗೆಯಿಲ್ಲ, ಎಣ್ಣೆ ಬದಲಾಯಿಸುವ ಗೋಜಿಲ್ಲ, ಬಂಕಿನ ಸರದಿಯಿಲ್ಲ. ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ: ತಲೆಗೆ ಶಿರಸ್ತ್ರಾಣ ಧರಿಸಿ, ಕೈಯಲ್ಲಿ ಚಾರ್ಜರಿನ ಚೀಲ ಹಿಡಿದು ಯಾರಾದರೂ ನಿಮ್ಮ ಬಾಗಿಲಿಗೆ ಬಂದು ಪ್ಲಗ್ಗು ಕೇಳಿದರೆ ಧಾರಾಳವಾಗಿ ಕೊಡಿರಿ, ಪುಣ್ಯ ಬರುತ್ತದೆ; ಗಾಡಿ ಎಷ್ಟು ಕೊಡುತ್ತದೆಂದು ಮಾತ್ರ, ಆ ದಿನ ಬೇರೆ ಯಾವ ಕೆಲಸವೂ ಇಲ್ಲದಿದ್ದರೆ ಹೊರತು, ಕೇಳಬೇಡಿರಿ.